ಬೀಗಿತ್ತಿ ಹೇಳಿದ ಸಾಕ್ಷಿ

ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ತರಕಾರಿ ಗಾಡಿಯವನು ತಕ್ಕಡಿ ಒಂಚೂರು ವಾಲಿಸಿದರೂ ಕೇಳುತ್ತೇನೆ. ನಮ್ಮ ಗೇಟಿಗೆ ಅಡ್ಡವಾಗಿ ಯಾರಾದರೂ ಬೈಕು ನಿಲ್ಲಿಸಿದರೆ ಇಡೀ ರಸ್ತೆಗೆ ಕೇಳಿಸುವ ಹಾಗೆ ಕೇಳುತ್ತೇನೆ. ಜಯನಗರದ ನಮ್ಮ ಬೀದಿಯಲ್ಲಿ ಈ ವಿಷಯದಲ್ಲಿ ನನಗೆ ಸಾಕಷ್ಟು ಹೆಸರಿದೆ. ಅಂಥ ನಾನು ಒಂದೇ ಒಂದು ದಿನ, ಕಿರುಚಲೇಬೇಕಾಗಿದ್ದ ದಿನ, ತುಟಿ ಬಿಚ್ಚದೆ ಕೂತೆ. ಅದರ ಫಲವನ್ನು ಎರಡು ವರ್ಷ ಕೋರ್ಟಿನ ಬೆಂಚಿನ ಮೇಲೆ ಅನುಭವಿಸಿದೆ. ಆದರೂ ಈಗ ಬರೆಯಲು ಕೂತರೆ ಸಿಟ್ಟು ಅಷ್ಟಾಗಿ ಬರುವುದಿಲ್ಲ. ಯಾರ್‍ಯಾರು ನನ್ನ ಜೊತೆ ನಿಂತರು ಅನ್ನುವುದೇ ಮೊದಲು ನೆನಪಿಗೆ ಬರುತ್ತದೆ.

ನನ್ನ ಗೆಳತಿಯ ಮಗಳ ಮದುವೆ, ಬನಶಂಕರಿ ಕಡೆಯ ಒಂದು ಛತ್ರದಲ್ಲಿ. ನಾನೂ ಗೆಳತಿಯೂ ಹೈಸ್ಕೂಲಿನಿಂದ ಒಂದೇ ಡಬ್ಬಿಯಲ್ಲಿ ತಿಂದು ಬೆಳೆದವರು. ಧಾರೆ ಸೀರೆಗೆ ಕುಚ್ಚು ಕಟ್ಟಿದವಳೂ ನಾನೇ. ನನ್ನ ಕಸುಬೇ ಅದು. ಸೆರಗಿನ ತುದಿಯ ದಾರಗಳನ್ನು ಬಿಡಿಸಿ, ಹೊಸೆದು, ಗಂಟು ಹಾಕಿ, ಮಣಿ ಪೋಣಿಸಿ ಕೊಡುವುದು. ನಮ್ಮ ಯಜಮಾನರು ಇದ್ದದ್ದು ಪೆನ್ಷನ್ ಇಲ್ಲದ ಕೆಲಸದಲ್ಲಿ. ಅವರು ನಿವೃತ್ತರಾದ ಮೇಲೆ ನಮ್ಮ ಮನೆ ನಡೆದದ್ದು ನನ್ನ ಬಲಗೈಯಿಂದಲೇ.

ವರಪೂಜೆಯ ಸಂಜೆಯೇ ಛತ್ರಕ್ಕೆ ಹೋಗಿ ರಾತ್ರಿ ಅಲ್ಲೇ ಮಲಗಿದ್ದೆ. ಬೆಳಿಗ್ಗೆ ಎಲ್ಲರೂ ಮೇಲೆ ಮಂಟಪದ ಹತ್ತಿರ ಸೇರಿದ್ದಾಗ, ಪುರೋಹಿತರು ಕೇಳಿದ ಒಂದು ತಟ್ಟೆ ತರಲು ಕೆಳಗಿನ ಊಟದ ಹಾಲಿಗೆ ಹೋದೆ. ಪಾತ್ರೆ ತೊಳೆಯುವ ಜಾಗದಿಂದ ಸೋಪಿನ ನೀರು ಹರಿದು ಬಂದು ಮೆಟ್ಟಿಲ ಬುಡದಲ್ಲಿ ನಿಂತಿತ್ತು. ಅಲ್ಲಿ ಲೈಟೂ ಇರಲಿಲ್ಲ. ಕಾಲಿಟ್ಟದ್ದೊಂದೇ ಗೊತ್ತು. ಬಲಗೈ ಊರಿ ಬಿದ್ದೆ, ಲಟಕ್ ಅಂದಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಎಬ್ಬಿಸಿದಳು. ಮ್ಯಾನೇಜರು ಎಲ್ಲಿಂದಲೋ ಬಂದು ಆ ನೀರಿನ ಮೇಲೆ ಒಂದು ಗೋಣಿತಾಟು ಎಸೆದು ಹೋದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೇಲೆ ವಾಲಗದವರು ಜೋರಾಗಿ ನುಡಿಸುತ್ತಿದ್ದರು. ಮುಹೂರ್ತ ಹತ್ತಿರವಾಗಿತ್ತು. ಈಗ ನಾನು ಅಯ್ಯೋ ಅಂದರೆ ನನ್ನ ಗೆಳತಿ ಧಾರೆ ಬಿಟ್ಟು ಓಡಿ ಬರುತ್ತಾಳೆ. ಮುಹೂರ್ತದ ಹೊತ್ತಿಗೆ ಮೂಳೆ ಮುರಿಯಿತು ಅಂತ ಬೀಗರ ಕಡೆಯವರ ಬಾಯಿಗೆ ಬಿದ್ದರೆ, ಆ ಹುಡುಗಿ ಜೀವನಪೂರ್ತಿ ಆ ಮಾತು ಕೇಳಬೇಕಾಗುತ್ತದೆ. ಇಷ್ಟೂ ಯೋಚನೆ ಆ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ತಲೆಯಲ್ಲಿ ಬಂದು ಹೋಯಿತು. ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೋಗಿ ಕೂತೆ. ಗಟ್ಟಿಮೇಳ ಆಯಿತು, ಅಕ್ಷತೆ ಹಾಕಿದೆ, ಫೋಟೋಗೂ ನಿಂತೆ. ಮುಖ ಯಾಕೆ ಬಾಡಿದೆ ಅಂತ ಗೆಳತಿ ಕೇಳಿದ್ದಕ್ಕೆ ಏನಿಲ್ಲ, ನಿದ್ದೆಯಿಲ್ಲ ಅಂದೆ. ಊಟದ ಪಂಕ್ತಿ ಶುರುವಾದ ಮೇಲೆ ಯಜಮಾನರಿಗೆ ಮೆಲ್ಲಗೆ ಹೇಳಿ, ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಹೋಳಿಗೆ ಊಟ ತಪ್ಪಿಹೋಯಿತು ಅಂತ ಯಜಮಾನರು ಆಟೋದಲ್ಲಿ ಗೊಣಗಿದ್ದು ನನಗೆ ಇನ್ನೂ ನೆನಪಿದೆ. ಪಾಪ, ಕೈ ಊದಿದ್ದನ್ನು ಅವರು ಆಗ ನೋಡಿರಲಿಲ್ಲ.

ಮಣಿಕಟ್ಟಿನ ಮೂಳೆ ಚೂರಾಗಿತ್ತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಬಳೆ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದೆವು. ಬ್ಯಾಂಡೇಜು ಬಿಚ್ಚಿದ ಮೇಲೆ ಕೈ ಮೊದಲಿನಂತೆ ತಿರುಗಲಿಲ್ಲ. ಸೂಜಿ ಹಿಡಿದರೆ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಒಂದು ಸೀರೆಯ ಕೆಲಸ ವಾರವಾದರೂ ಮುಗಿಯುತ್ತಿರಲಿಲ್ಲ. ಗಿರಾಕಿಗಳು ಎಷ್ಟು ದಿನ ಅಂತ ಕಾಯುತ್ತಾರೆ? ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ಆಪರೇಷನ್ ಖರ್ಚಾದರೂ ಕೊಡಲಿ ಅಂತ ಛತ್ರದವರನ್ನು ಕೇಳಲು ಹೋದರೆ, ನಾವೇನು ನಿಮಗೆ ಬೀಳಿ ಅಂದೆವಾ ಅಂತ ಕೇಳಿದರು. ನನ್ನ ಮೈಯೆಲ್ಲ ಉರಿಯಿತು. ಯಜಮಾನರು ಹೋಗಲಿ ಬಿಡೇ, ನಮ್ಮ ಗ್ರಹಚಾರ ಅಂದರು. ಆ ನೀರು ಹರಿಸಿದ್ದು ಯಾವ ಗ್ರಹ ಅಂತ ನಾನು ಕೇಳಿದೆ. ಅವರು ಪೇಪರ್ ಎತ್ತಿಕೊಂಡು ವೆರಾಂಡಕ್ಕೆ ಹೋದರು.

ಆ ವಾರವೇ ನನ್ನ ಹಳೆಯ ಗಿರಾಕಿಯೊಬ್ಬರು, ಜೆ.ಪಿ. ನಗರದ ಲಾಯರಮ್ಮ, ಕೊಟ್ಟಿದ್ದ ಸೀರೆ ಇಸಿದುಕೊಳ್ಳಲು ಬಂದರು. ಸೀರೆ ಆಗಿಲ್ಲ ಅಂತ ಹೇಳಿ ಕೈ ತೋರಿಸಿದೆ. ಅವರು ಸೀರೆಯನ್ನು ಮರೆತು ಅಲ್ಲೇ ಕೂತು ಪೂರ್ತಿ ಕಥೆ ಕೇಳಿದರು. ದುಡ್ಡು ಕೊಟ್ಟು ಛತ್ರ ಹಿಡಿದವರು ಕರೆದ ಅತಿಥಿಗೂ ಅದೇ ಹಕ್ಕಿದೆ, ಕನ್ಸ್ಯೂಮರ್ ಕೋರ್ಟಿಗೆ ಹಾಕೋಣ ಅಂದರು. ಫೀಸು ಕೇಳಿದ್ದಕ್ಕೆ, ಕೈ ಸರಿಹೋದ ಮೇಲೆ ನಾಲ್ಕು ಸೀರೆಗೆ ಕುಚ್ಚು ಕಟ್ಟಿಕೊಡಿ ಅಂದರು. ಅವತ್ತು ಅವರ ಮುಂದೆ ನಗುತ್ತಾ ಆಗಲಿ ಅಂದೆ. ಅವರು ಹೋದ ಮೇಲೆ ದೇವರ ಮನೆಗೆ ಹೋಗಿ ಕೈ ಮುಗಿದೆ, ಮುಗಿಯಲು ಬಂದಷ್ಟು.

ಕೇಸು ಶುರುವಾದ ಮೇಲೆ ಗೊತ್ತಾಯಿತು, ಸುಮ್ಮನೆ ಕೂತದ್ದೇ ನನಗೆ ಮುಳುವಾಯಿತು ಅಂತ. ಮೆಟ್ಟಿಲ ಹತ್ತಿರ ನೀರಿದ್ದದ್ದನ್ನು ಛತ್ರದವರೂ ಅಲ್ಲಗಳೆಯಲಿಲ್ಲ. ಬೆಳಿಗ್ಗೆಯೇ ಇಬ್ಬರು ಮೂವರು ನೆಂಟರು ದೂರಿದ್ದರು. ಆದರೆ ಈ ಹೆಂಗಸು ಅಲ್ಲಿ ಬೀಳಲೇ ಇಲ್ಲ ಅಂದರು. ಆಸ್ಪತ್ರೆಗೆ ಹೋದದ್ದು ಮಧ್ಯಾಹ್ನದ ಮೇಲೆ. ಅದಕ್ಕೆ ಮೊದಲು ತೆಗೆದ ಫೋಟೋದಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ. ಮೂಳೆ ಚೂರಾದವರು ಹೀಗೆ ನಗುತ್ತಾರಾ? ಛತ್ರದಿಂದ ಹೊರಟ ಮೇಲೆ ಎಲ್ಲೋ ಆಟೋ ಇಳಿಯುವಾಗ ಬಿದ್ದು ಈಗ ನಮ್ಮ ತಲೆಗೆ ಕಟ್ಟುತ್ತಿದ್ದಾರೆ. ಇದು ಅವರ ವಾದ. ಕ್ಯಾಮೆರಾ ಅವತ್ತೇ ಕೆಟ್ಟಿತ್ತಂತೆ. ಪಾತ್ರೆ ತೊಳೆಯುವ ಹೆಂಗಸು ಕೆಲಸ ಬಿಟ್ಟು ಊರಿಗೆ ಹೋಗಿದ್ದಳು, ಯಾವ ಊರೋ ಯಾರಿಗೂ ಗೊತ್ತಿರಲಿಲ್ಲ.

ಬಿದ್ದದ್ದು ಅಲ್ಲೇ ಅಂತ ನಂಬಿಸದಿದ್ದರೆ ಪರಿಹಾರದ ಮಾತೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಸುಳ್ಳಿ ಅನ್ನುವ ಮಾತು ನನ್ನನ್ನು ತಿನ್ನುತ್ತಿತ್ತು. ಗೆಳತಿ ಸಾಕ್ಷಿ ಹೇಳಲು ಮೊದಲ ದಿನವೇ ಸಿದ್ಧಳಿದ್ದಳು. ಆದರೆ ಅವಳು ನಾನು ಬಿದ್ದದ್ದನ್ನು ನೋಡಿರಲಿಲ್ಲ, ಸಾಲದ್ದಕ್ಕೆ ಬಾಲ್ಯದ ಗೆಳತಿ. ಅವಳ ಮಾತಿಗೆ ತೂಕ ಬರುವುದಿಲ್ಲ, ಬೇರೆ ಯಾರಾದರೂ ಬೇಕು ಅಂದರು ಲಾಯರಮ್ಮ.

ಫೋಟೋದ ವಿಷಯ ಹೇಳಿಕೊಂಡು ಅಳಲು ಗೆಳತಿಯ ಮನೆಗೆ ಹೋದೆ. ಅವಳು ಸೆರಗಿನ ಅಂಚು ಸುತ್ತುತ್ತಾ, ಒಂದು ವರ್ಷದಿಂದ ನನಗೆ ಮುಚ್ಚಿಟ್ಟಿದ್ದ ಮಾತನ್ನು ಹೇಳಿದಳು.

"ಬೇಜಾರ್ ಮಾಡ್ಕೋಬೇಡ ಕಣೇ. ನಾನು ಹೋದಾಗೆಲ್ಲ ನಮ್ಮ ಬೀಗಿತ್ತಿ ನಿನ್ನನ್ನೇ ಆಡ್ಕೋತಾರೆ. ನನ್ನ ಮಗನಿಗೆ ನಿಮ್ಮ ಫ್ರೆಂಡು ಎಡಗೈಲಿ ಅಕ್ಷತೆ ಹಾಕಿದ್ರು, ಅಷ್ಟೂ ತಿಳಿಯಲ್ವಾ, ಏನು ಹೊಟ್ಟೆಕಿಚ್ಚೋ ಏನೋ ಅಂತ."

ನನಗೆ ಮೊದಲು ಬಂದದ್ದು ಕೋಪವೇ. ನಾನು, ಎಡಗೈಯಲ್ಲಿ ಅಕ್ಷತೆ ಹಾಕುವವಳಾ? ನಮ್ಮಮ್ಮ ಎಡಗೈಯಲ್ಲಿ ಯಾರಿಗೂ ಒಂದು ಹೂವನ್ನೂ ಕೊಡಲು ಬಿಟ್ಟವರಲ್ಲ. ಆ ಹೆಂಗಸಿಗೆ ಕಣ್ಣು ಕಾಣುತ್ತದಾ ಇಲ್ಲವಾ ಅಂತ ಶುರುಮಾಡಿದವಳು ಮಧ್ಯದಲ್ಲೇ ನಿಂತೆ. ಗೆಳತಿಯೂ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬಲಗೈ ಏಳುತ್ತಿದ್ದರೆ ನಾನು ಸತ್ತರೂ ಎಡಗೈಯಲ್ಲಿ ಹಾಕುತ್ತಿರಲಿಲ್ಲ. ಗಟ್ಟಿಮೇಳದ ಹೊತ್ತಿಗೇ ಕೈ ಮುರಿದಿತ್ತು ಅಂದಮೇಲೆ, ಹಿಂದಿನ ಸಂಜೆಯಿಂದ ಛತ್ರ ಬಿಟ್ಟು ಹೊರಗೇ ಹೋಗದ ನಾನು ಇನ್ನೆಲ್ಲಿ ಬಿದ್ದಿರಲು ಸಾಧ್ಯ?

ಮದುವೆಯ ವಿಡಿಯೋ ಹಾಕಿ ನೋಡಿದೆವು. ಜನರ ತಲೆಗಳ ಮಧ್ಯೆ ಒಂದು ಎಡಗೈ ಮೇಲೆದ್ದು ಇಳಿಯುತ್ತದೆ, ಬಳೆ ನನ್ನದೇ, ಆದರೆ ಮುಖ ಕಾಣುವುದಿಲ್ಲ. ಇದೊಂದೇ ಸಾಲದು ಅಂದರು ಲಾಯರಮ್ಮ. ಕಣ್ಣಾರೆ ನೋಡಿದವರು ಒಬ್ಬರೇ. ಹುಡುಗನ ತಾಯಿ.

ಗೆಳತಿಗೆ ಭಯ. ಮಗನ ಮದುವೆಯಲ್ಲಿ ಮೂಳೆ ಮುರಿದ ಸುದ್ದಿ ಅವರಿಗೆ ಅದುವರೆಗೂ ಗೊತ್ತಿರಲಿಲ್ಲ. ಈಗ ಹೇಳಿದರೆ ಅಪಶಕುನ ಅಂತ ಮಗಳ ಮೇಲೆ ಹರಿಹಾಯ್ದರೆ? ನನಗೂ ಅದೇ ಭಯ. ಯಾವ ಹುಡುಗಿಗಾಗಿ ಬಾಯಿ ಮುಚ್ಚಿಕೊಂಡೆನೋ ಅವಳ ಸಂಸಾರಕ್ಕೇ ಈಗ ಕಲ್ಲು ಹಾಕುವುದಾ? ಬೇಡವೇ ಬೇಡ, ಕೇಸು ಬಿಟ್ಟುಬಿಡುತ್ತೇನೆ ಅಂದೆ. ಮಾತು ಮುಗಿಯುವ ಮೊದಲೇ ಗೆಳತಿ ಚಪ್ಪಲಿ ಮೆಟ್ಟಿಕೊಂಡಳು. ಇನ್ನೊಂದು ನಿಮಿಷ ಕೂತರೆ ನನಗೂ ಧೈರ್ಯ ಹೋಗುತ್ತೆ, ನಡಿ ಅಂದಳು.

ಹನುಮಂತನಗರದಲ್ಲಿ ಅವರ ಮನೆ. ಆಕೆ ನನ್ನನ್ನು ನೋಡಿದ ತಕ್ಷಣ ಮುಖ ಗಂಟಿಕ್ಕಿಕೊಂಡರು. ಬನ್ನಿ ಅನ್ನುವುದಕ್ಕೂ ಒಂಚೂರು ತಡಮಾಡಿದರು. ಗೆಳತಿ ಎಲ್ಲವನ್ನೂ ಹೇಳಿದಳು. ನಾನು, ಮಾತಿನಮಲ್ಲಿ ಅಂತ ಹೆಸರಾದವಳು, ಒಂದು ಮಾತೂ ಆಡಲಾಗದೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದೆ. ಸೊಸೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅವಳ ಮುಖ ಬಿಳಿಚಿಕೊಂಡಿತ್ತು. ಅತ್ತೆ ಪೂರ್ತಿ ಕೇಳಿ, ಎದ್ದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ನಾವು ಕಾದು ಕಾದು, ಹುಡುಗಿಗೆ ಹೇಳಿ ಹೊರಟೆವು. ಬಸ್ ಸ್ಟಾಪಿನಲ್ಲಿ ಗೆಳತಿ ಅತ್ತಳು. ನಾನು ಅವಳಿಗೆ ಸಮಾಧಾನ ಹೇಳಿದೆ, ನನಗೇ ಸಮಾಧಾನ ಇರಲಿಲ್ಲ.

ಎರಡು ದಿನ ಬಿಟ್ಟು ಹುಡುಗಿ ಫೋನು ಮಾಡಿದಳು. "ಆಂಟಿ, ಕೋರ್ಟಿಗೆ ಯಾವತ್ತು ಬರ್ಬೇಕು ಅಂತ ಅತ್ತೆ ಕೇಳ್ತಿದಾರೆ."

ಬರೆದುಕೊಟ್ಟ ಹೇಳಿಕೆ ಸಾಲದು, ಸಾಕ್ಷಿಯನ್ನು ನಾವೇ ಪ್ರಶ್ನೆ ಕೇಳಬೇಕು ಅಂತ ಎದುರು ಪಕ್ಷದ ಲಾಯರು ಪಟ್ಟು ಹಿಡಿದಿದ್ದರು. ಆಕೆ ರೇಷ್ಮೆ ಸೀರೆ ಉಟ್ಟು, ಮದುವೆ ಮನೆಗೆ ಬಂದವರ ಹಾಗೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ. ಅಷ್ಟು ಜನ ಅಕ್ಷತೆ ಹಾಕುವಾಗ ಇವರೊಬ್ಬರ ಕೈ ನಿಮಗೆ ಹೇಗೆ ನೆನಪಿದೆ ಅಂತ ಲಾಯರು ಕೇಳಿದರು.

"ನೆನಪಿಲ್ದೆ ಏನು ಸಾರ್. ನನ್ನ ಮಗನ ಮೇಲೆ ಎಡಗೈಲಿ ಹಾಕಿದ್ರು. ಒಂದು ವರ್ಷ ಅದನ್ನೇ ಮನಸ್ಸಲ್ಲಿಟ್ಕೊಂಡು ಇವ್ರನ್ನ ಬೈದಿದೀನಿ. ಸೊಸೆ ಮುಂದೆ ಬೈದಿದೀನಿ, ಬೀಗರ ಮುಂದೆ ಬೈದಿದೀನಿ."

ಅಷ್ಟು ಸಿಟ್ಟಿದ್ದವರು ಇವತ್ತು ಅವರ ಪರವಾಗಿ ಯಾಕೆ ಬಂದಿರಿ ಅಂತ ಲಾಯರು ಕೇಳಿದರು. ಆ ಪ್ರಶ್ನೆಯನ್ನು ಅವರು ಕೇಳಬಾರದಿತ್ತು ಅಂತ ನಮ್ಮ ಲಾಯರಮ್ಮ ಆಮೇಲೆ ನಗುತ್ತಾ ಹೇಳಿದರು.

"ಬೈದಿದ್ದು ತಪ್ಪು ಅಂತ ಗೊತ್ತಾಯ್ತಲ್ಲ, ಅದಕ್ಕೇ ಬಂದೆ. ನನ್ನ ಮಗನ ಮುಹೂರ್ತ ಕೆಡಬಾರ್ದು ಅಂತ ಮುರಿದ ಕೈ ಸೆರಗಲ್ಲಿ ಮುಚ್ಕೊಂಡು ಕೂತಿದ್ರು ಇವ್ರು. ಬೈಯೋಕೆ ಮನೆ ಮನೆ ತಿರುಗಿದೀನಿ, ನಿಜ ಹೇಳೋಕೆ ಇಲ್ಲಿವರೆಗೂ ಬರ್ಬಾರ್ದಾ?"

ಆದೇಶ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ನಾವು ಕೇಳಿದ್ದಷ್ಟೂ ಸಿಗಲಿಲ್ಲ. ಆದರೆ ನಾನು ಬಿದ್ದದ್ದು ಛತ್ರದವರ ಅಜಾಗರೂಕತೆಯಿಂದಲೇ ಅಂತ ಸ್ಪಷ್ಟವಾಗಿ ಬರೆದಿದ್ದರು. ಬಳೆ ಬಿಡಿಸಿಕೊಂಡೆವು. ಲಾಯರಮ್ಮನ ನಾಲ್ಕು ಸೀರೆಗಳಲ್ಲಿ ಎರಡು ಮುಗಿದಿವೆ, ಮೂರನೆಯದು ನಿಧಾನವಾಗಿ ನಡೆಯುತ್ತಿದೆ. ಇದೆಲ್ಲ ಆಮೇಲಿನ ಮಾತು. ನನ್ನ ಪಾಲಿಗೆ ಕೇಸು ಮುಗಿದದ್ದು ಆಕೆ ಸಾಕ್ಷಿ ಹೇಳಿದ ದಿನವೇ, ಕೋರ್ಟಿನ ಹೊರಗಿನ ಬೆಂಚಿನ ಮೇಲೆ.

ಥ್ಯಾಂಕ್ಸ್ ಹೇಳಬೇಕು ಅಂತ ಆಕೆಯ ಹತ್ತಿರ ಹೋದೆ. ಕೂತ್ಕೊಳ್ಳಿ ಅಂದು ಪಕ್ಕಕ್ಕೆ ಸರಿದರು. ನನ್ನ ಬಲಗೈಯನ್ನು ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡು, ಹೊಲಿಗೆಯ ಗುರುತನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಸವರಿದರು. ಬಿದ್ದಂದಿನಿಂದ ಎಷ್ಟು ಜನ ಆ ಕೈ ನೋಡಿದ್ದರು. ಡಾಕ್ಟರು, ಲಾಯರುಗಳು, ನೆಂಟರು. ಬಿದ್ದದ್ದು ಎಷ್ಟು ಹೊತ್ತಿಗೆ, ಬಿಲ್ಲೆಲ್ಲಿ, ಈಗ ಹೇಗಿದೆ, ಇಷ್ಟೇ ಎಲ್ಲರೂ ಕೇಳಿದ್ದು.

"ಅವತ್ತು ಅಲ್ಲಿ ಕೂತಿದ್ದಾಗ ತುಂಬಾ ನೋವಾಗ್ತಿತ್ತಾ?" ಅಂದರು ಆಕೆ.

ಏನಿಲ್ಲ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಜೀವ ಹೋಗ್ತಿತ್ತು ಕಣ್ರೀ," ಅಂದೆ. ಅಂದು, ಆ ಜನರ ಮಧ್ಯೆ, ಅವರ ಹೆಗಲಿಗೆ ಮುಖವಿಟ್ಟು ಜೋರಾಗಿ ಅತ್ತುಬಿಟ್ಟೆ.