ರಂಗಕ್ಕ ಮೂಸದೆ ಗಾಡಿ ಹೊರಡದು

ಬೆಳಗಿನ ಐದೂವರೆ. ಮಧುಗಿರಿಯ ಲಾರಿ ಷೆಡ್ಡಿನಲ್ಲಿ ಇನ್ನೂ ಯಾರೂ ಬೀಡಿ ಹಚ್ಚಿಲ್ಲ, ಹಚ್ಚುವ ಹಾಗೂ ಇಲ್ಲ. ಹಿಂದೆ ತೆರೆದ ತೊಟ್ಟಿಯಿರುವ ಪುಟ್ಟ ಲಾರಿಯೊಂದರ ಪಕ್ಕ, ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ನೆಲದ ಹತ್ತಿರ ಮುಖ ತಂದು ಉಸಿರೆಳೆಯುತ್ತಿದ್ದಾರೆ. ಹೆಸರು ರಂಗಕ್ಕ. ಪೆಟ್ರೋಲು ಎಲ್ಲಿಂದ ಸೋರುತ್ತಿದೆ ಎಂದು ಮೂಗಿನಿಂದಲೇ ಹುಡುಕುವುದು ಅವರ ಕೆಲಸ. ಇಂಥದ್ದೊಂದು ಕೆಲಸ ಇದೆಯೆಂದು ಪತ್ರಿಕೆಗೆ ಬರೆಯಲು ಬಂದಿರುವ ನನಗೂ ಹೋದ ವಾರದವರೆಗೆ ಗೊತ್ತಿರಲಿಲ್ಲ.

ಲಾರಿ ಕಡಲೆಕಾಯಿ ವ್ಯಾಪಾರಿ ರೇಣುಕಯ್ಯನವರದು, ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. ಇವತ್ತು ಅದರಲ್ಲಿ ಅವರ ಮಗಳು ನಾಗರತ್ನಮ್ಮ ಮೂರು ತಿಂಗಳ ಕೂಸಿನೊಂದಿಗೆ ಪಾವಗಡದ ಗಂಡನ ಮನೆಗೆ ಹೋಗಬೇಕು. ರಾತ್ರಿಯಿಂದ ಒಳಗೆಲ್ಲ ಪೆಟ್ರೋಲಿನ ವಾಸನೆ. ಡ್ರೈವರ್ ದೊಡ್ಡರಂಗಪ್ಪ ಮಹಾ ಬುದ್ಧಿವಂತ; ಸೀಟಿನ ಮುಂದೆ ಎರಡು ಊದುಬತ್ತಿ ಹಚ್ಚಿಟ್ಟುಕೊಂಡೇ ಷೆಡ್ಡಿಗೆ ಓಡಿಸಿಕೊಂಡು ಬಂದಿದ್ದಾನೆ. ರಂಗಕ್ಕ ಅವನ್ನು ಕಿತ್ತು ದೂರ ಒಯ್ದು ಮಣ್ಣಿಗೆ ಒತ್ತಿದರು. "ವಾಸ್ನೆ ಮುಚ್ಚಿದ್ರೆ ಸೋರೋದು ನಿಂತೋಯ್ತದೇನ್ಲಾ?" ಎಂದು ಬೈದು, ಎರಡೂ ಬಾಗಿಲು ತೆಗೆಸಿ, ಗಾಳಿಯಾಡಲೆಂದು ಅರ್ಧ ಗಂಟೆ ಸುಮ್ಮನೆ ಕೂತರು.

ರಿಪೇರಿ ಮಾಡುವವರು ಅವರ ಮೈದುನ ಪಾಲಪ್ಪ. ಎಂಜಿನ್ನಿನ ಕಡೆ ನೋಡಿದ್ದಾಯಿತು, ಎಲ್ಲ ಒಣಗಿದೆ. ಸೀಟಿನಡಿಯ ಟ್ಯಾಂಕಿನ ಕೆಳಗೆ ಕೈಯಾಡಿಸಿದರೆ ಹನಿಯೂ ಇಲ್ಲ. ರಂಗಕ್ಕ ಮಾತ್ರ ಸೀಟಿನ ಹತ್ತಿರವೇ ಮತ್ತೆ ಮತ್ತೆ ಬರುತ್ತಾರೆ. "ಯಾವಾಗ್ಲೂ ಬತ್ತದಾ, ನೆನ್ನೆಯಿಂದಾನಾ?" ನಿನ್ನೆಯಿಂದ ಮಾತ್ರ, ಎನ್ನುತ್ತಾನೆ ಡ್ರೈವರ್. ಮಹಾಯುದ್ಧ ಮುಗಿದು ವರ್ಷವಾದರೂ ಪೆಟ್ರೋಲು ಸಿಗುವುದು ರೇಷನ್ ಕೂಪನ್ನಿಗೇ. ದೂರದ ದಾರಿಯೆಂದು ನಿನ್ನೆಯಷ್ಟೇ ಟ್ಯಾಂಕು ಬಾಯಿತನಕ ತುಂಬಿಸಿದ್ದಾರೆ.

"ಹಂಗಾದ್ರೆ ಮೇಲಿನ ಕಡೆ ನೋಡು ಪಾಲಪ್ಪ" ಎಂದರು ರಂಗಕ್ಕ. ಸೀಟು ಎತ್ತಿದಾಗ ಸಿಕ್ಕಿತು. ಪೆಟ್ರೋಲು ಸುರಿಯುವ ಬಾಯಿಗೂ ಟ್ಯಾಂಕಿಗೂ ನಡುವೆ ಇರುವ ರಬ್ಬರ್ ಕೊಳವೆಯ ಅಡಿಭಾಗ ಬಿರಿದಿದೆ. ಟ್ಯಾಂಕು ತುಂಬಿದ್ದು, ಗಾಡಿ ಕುಲುಕಿದಾಗ ಮಾತ್ರ ಅಲ್ಲಿಂದ ಒಸರುತ್ತದೆ. ಒಸರಿದ್ದನ್ನೆಲ್ಲ ಸೀಟಿನೊಳಗಿನ ತೆಂಗಿನ ನಾರು ಹೀರಿಕೊಂಡಿದೆ. ಕೂಸನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಕೂರಬೇಕಾಗಿದ್ದದ್ದು ಅದರ ಮೇಲೆ.

ರಂಗಕ್ಕ ಯಾವ ಗ್ಯಾರೇಜಿನಲ್ಲೂ ಕಲಿತವರಲ್ಲ. ಅವರ ಗಂಡ ಓಬಳಯ್ಯ ಕೊಳಾಲದ ಕಡೆ ಲಾರಿ ಓಡಿಸುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಶುಕ್ರವಾರ, ಮನೆಯ ಮುಂದೆಯೇ ಗಾಡಿ ನಿಂತಿತ್ತು. ಹೊರಡುವ ಮುಂಚೆ ಗಾಡಿಯ ಎದುರು ನೆಲದ ಮೇಲೆ ಕರ್ಪೂರ ಹಚ್ಚುವುದು ನಮ್ಮ ಡ್ರೈವರುಗಳೆಲ್ಲರ ಪದ್ಧತಿ. ಅವತ್ತು ಕರ್ಪೂರ ತಂದುಕೊಟ್ಟವರು ರಂಗಕ್ಕ.

"ವಾಸ್ನೆ ಬಂದಿತ್ತು ಸ್ವಾಮಿ. ನಂಗೆ ಬಂದಿತ್ತು. ಡ್ರೈವರ ಅಂಗಿ ಅಲ್ವಾ, ಯಾವಾಗ್ಲೂ ಇದೇ ವಾಸ್ನೆ ಅಂದ್ಕೊಂಡ್ಬುಟ್ಟೆ. ಆ ವಾಸ್ನೆ ನೆಲದಾಗೆ ಮಲಗಿರ್ತದೆ ಅಂತ ನಂಗೇನ್ ಗೊತ್ತು? ಅವ್ರು ಬಗ್ಗಿ ಕಡ್ಡಿ ಗೀರಿದ್ರು." ಓಬಳಯ್ಯ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಇದನ್ನು ಹೇಳುವಾಗ ರಂಗಕ್ಕ ಅಳಲಿಲ್ಲ.

ತಿಥಿ ಮುಗಿಸಿ ಹದಿನೈದು ದಿನಕ್ಕೆ ಮೈದುನನ ಷೆಡ್ಡಿಗೆ ಬಂದು, ನಾನೇ ಗಾಡಿ ಮೂಸಿ ನೋಡುತ್ತೇನೆ ಎಂದರಂತೆ. "ಅತ್ಗೆಗೆ ತಲೆ ಕೆಟ್ಟಿದೆ ಅಂದ್ಕೊಂಡೆ" ಎನ್ನುತ್ತಾರೆ ಪಾಲಪ್ಪ. ಈಗ ದಿನಕ್ಕೆ ಎರಡು ಮೂರು ಗಾಡಿ, ಸಂತೆಯ ಹಿಂದಿನ ದಿನ ಐದು. ಸಿರಾದಿಂದಲೂ ಬರುತ್ತವೆ. ಮೂಗು ಚುರುಕಾಗಿರಲೆಂದು ರಂಗಕ್ಕ ಎಲೆಅಡಿಕೆ, ಹೊಗೆಸೊಪ್ಪು ಬಿಟ್ಟಿದ್ದಾರೆ. ಮೂಗಿಗೆ ಹೊಗೆ ಹತ್ತಬಾರದೆಂದು ಒಲೆ ಹಚ್ಚುವ ಮುಂಚೆಯೇ ಇಲ್ಲಿಗೆ ಬರುತ್ತಾರೆ. ಗಂಜಿ ಕುಡಿಯುವುದು ಹತ್ತು ಗಂಟೆಯ ಮೇಲೆ.

ಪಾಲಪ್ಪ ಹೊಸ ರಬ್ಬರ್ ಕೊಳವೆ ಹಾಕಿ ತಂತಿ ಬಿಗಿದರು. ನೆನೆದ ನಾರನ್ನು ದೂರದ ಬಯಲಿಗೆ ಎಸೆದು, ಸೀಟಿಗೆ ಗೋಣಿ ತುಂಬಿದರು. ಆಮೇಲೆ ನಾಲ್ವರು ಗಾಡಿಯನ್ನು ಹಿಡಿದು ಚೆನ್ನಾಗಿ ಕುಲುಕಿದರು. ರಂಗಕ್ಕ ಸುತ್ತಲೂ ಮೂಸಿದರು, ಇನ್ನೊಮ್ಮೆ ಮೂಸಿದರು. ಕೊನೆಗೆ, ಸರಿಯಿದೆ ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ರೇಣುಕಯ್ಯನವರು ಮಗಳನ್ನೂ ಮೊಮ್ಮಗಳನ್ನೂ ಕರೆತಂದರು. ದೊಡ್ಡರಂಗಪ್ಪ ಕರ್ಪೂರ ತೆಗೆದ. ರಂಗಕ್ಕ ತಾವಾಗಿಯೇ ಎದ್ದು ಷೆಡ್ಡಿನ ಹಿಂದಿನ ಗೋಡೆಯ ಮರೆಗೆ ಹೋದರು. ಗಂಡ ಸತ್ತವರು ಹೊರಡುವ ಗಾಡಿಗೆ ಎದುರಾಗಬಾರದಂತೆ. ಆ ಕೂಸಿನ ಜೀವ ಉಳಿಸಿದವರಿಗೂ ಇದೇ ಕಟ್ಟಳೆ! ನನಗೆ ಸಿಟ್ಟು ಬಂತು. ಹಿಂದೆಯೇ ಹೋಗಿ, "ನಿಮಗೆ ಬೇಜಾರಿಲ್ಲವೇ?" ಎಂದು ಕೇಳಿದೆ.

ಅವರ ಕಿವಿಯೆಲ್ಲ ಗೋಡೆಯಾಚೆಯ ಸದ್ದಿನ ಕಡೆಗೇ ಇತ್ತು. ಎಂಜಿನ್ ಗುರುಗುಟ್ಟಿ, ಗಾಡಿ ಮಿಡಿಗೇಶಿಯ ದಾರಿ ಹಿಡಿದ ಮೇಲೆಯೇ ಅವರು ಬಿಗಿಹಿಡಿದ ಉಸಿರು ಬಿಟ್ಟದ್ದು.

"ಎದುರಿಗೆ ನಿಲ್ಸಿ ಅನ್ನಲ್ಲ ಸ್ವಾಮಿ. ಪಕ್ಕದಾಗೆ ನಿಲ್ಲಕ್ಕೆ ಬುಟ್ರೆ ಸಾಕು. ನನ್ನ ಮೂಗು ಎಂದಾದ್ರೂ ತಪ್ಪಿದ್ರೆ, ಕಡ್ಡಿ ಗೀರೋ ಹೊತ್ನಾಗೆ ನಾನೂ ಅಲ್ಲೇ ಇರ್ಬೇಕು."