ಒಂದು ರಾತ್ರಿ ಐಸಿನಲ್ಲಿಟ್ಟ ಕೆಂಬೇರಿ

ನವೆಂಬರ್ ಎರಡು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಅಪ್ಪನ ತೂಕ ಐವತ್ತನಾಲ್ಕು ಕಿಲೋ ಇನ್ನೂರು ಗ್ರಾಂ. ಇದನ್ನು ಬರೆದು, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಮಾವನ ಸ್ಕೂಟರಿನ ಹಿಂದೆ ಕುಳಿತೆ.

ಆರು ವಾರಗಳ ಹಿಂದೆ ಅಪ್ಪನ ತೂಕ ಐವತ್ತೊಂಬತ್ತು ಇತ್ತು. ಸೆಪ್ಟೆಂಬರಿನಲ್ಲಿ ಎದೆನೋವು ಬಂದು ಐದು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಕಳುಹಿಸುವಾಗ ಡಾಕ್ಟರು ಮದ್ದಿನ ಚೀಟಿಯ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟರು. ಅಪ್ಪನ ಪಾಲಿಗೆ ಇಡೀ ದಿನಕ್ಕೆ ಅರ್ಧ ಚಮಚ ಉಪ್ಪು, ಅಷ್ಟೇ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಅಂದಿನಿಂದಲೇ ನಿಂತುಹೋದವು. ಅದರ ಜೊತೆಗೆ ಅಪ್ಪನ ಊಟವೂ ನಿಂತ ಹಾಗಾಯಿತು. ತಟ್ಟೆಯ ಮುಂದೆ ಕುಳಿತುಕೊಳ್ಳುತ್ತಿದ್ದರು, ಎರಡು ತುತ್ತು ತಿನ್ನುತ್ತಿದ್ದರು, ಕೈ ತೊಳೆಯುತ್ತಿದ್ದರು. ಕಾಯಿಲೆಗೆ ಮೊದಲು ಮೀನಿಲ್ಲದ ಊಟವನ್ನು ಅವರು ಊಟ ಎಂದು ಕರೆದವರೇ ಅಲ್ಲ. ಅಂಥ ದಿನ ಯಾರಾದರೂ ಊಟ ಆಯಿತಾ ಎಂದು ಕೇಳಿದರೆ, ಹೊಟ್ಟೆಗೆ ಎಂತದೋ ಹಾಕಿದ್ದೇನೆ ಎನ್ನುತ್ತಿದ್ದರು. ಈಗ ಮೀನಿದ್ದರೂ ಅದೇ ಮುಖ. ನವೆಂಬರ್ ಮುಗಿದ ಕೂಡಲೇ ಮತ್ತೆ ತೋರಿಸಬೇಕಿತ್ತು. ತೂಕ ಇನ್ನೂ ಇಳಿದಿದ್ದರೆ ಪುನಃ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ನಾನು ಕೊಟ್ಟಾರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ಟ್ಯೂಬಿನ ಮೇಲೂ ದಿನಾಂಕ, ಗಂಟೆ ಬರೆಯುವುದು ಅಲ್ಲಿಯ ನಿಯಮ. ಆ ಅಭ್ಯಾಸ ಮನೆಗೂ ಬಂದಿದೆ. ಅಪ್ಪನಿಗಾಗಿ ಇಟ್ಟ ಪುಸ್ತಕದಲ್ಲಿ ನಾಲ್ಕು ಕಾಲಮು ಇದ್ದವು: ತೂಕ, ಬೆಳಗಿನ ಬಿಪಿ, ಅಡುಗೆಗೆ ಹಾಕಿದ ಉಪ್ಪು, ತಿಂದದ್ದೆಷ್ಟು. ಅಕ್ಟೋಬರ್ ಮುಗಿಯುವಾಗ ಆ ಪುಟಗಳಲ್ಲಿ ಒಂದು ವಿಚಿತ್ರ ಕಂಡಿತು. ಮೀನು ಮಾಡಿದ ಏಳು ದಿನಗಳಲ್ಲಿ ಐದರ ಮರುದಿನ ಬೆಳಿಗ್ಗೆ ಬಿಪಿ ಏರಿತ್ತು. ಉಪ್ಪಿನ ಕಾಲಮಿನಲ್ಲಿ ಮಾತ್ರ ಎಲ್ಲಾ ದಿನವೂ ಅದೇ ಅರ್ಧ ಚಮಚ. ಅಮ್ಮ ಅದನ್ನು ನೋಡಿ, ಹಾಗಾದರೆ ಮೀನೇ ಆಗುವುದಿಲ್ಲ ಇವರಿಗೆ, ಇನ್ನು ತರುವುದು ಬೇಡ ಎಂದರು. ಮೀನನ್ನೂ ತೆಗೆದರೆ ಅಪ್ಪನ ತಟ್ಟೆಯಲ್ಲಿ ಉಳಿಯುವುದು ಏನು ಎಂದು ನನಗೆ ಹೆದರಿಕೆಯಾಯಿತು. ಆ ಸುದ್ದಿ ಕೇಳಿಯೇ ಮಾವ ಭಾನುವಾರ ಬರುತ್ತೇನೆಂದು ಫೋನು ಮಾಡಿದ್ದು.

ಮಾವ ಎಂದರೆ ಅಮ್ಮನ ತಮ್ಮ. ಗಲ್ಫಿನ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಮೀನಿನ ವಿಭಾಗವೊಂದನ್ನೇ ನೋಡಿಕೊಂಡಿದ್ದವರು. ಈಗ ಬೈಕಂಪಾಡಿಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ. ಮಳೆಗಾಲ ಬಿಟ್ಟರೆ ಪ್ರತಿ ಭಾನುವಾರ, ಹೊಳೆ ಸಮುದ್ರ ಸೇರುವ ಅಳಿವೆಯ ಕಲ್ಲಿನ ದಂಡೆಗೆ ಹೋಗಿ ಗಾಳ ಹಾಕುತ್ತಾರೆ. ಅವರು ಮೀನು ಹಿಡಿಯುವುದನ್ನು ನಾನು ಅದುವರೆಗೆ ನೋಡಿದ್ದಿಲ್ಲ.

ನೋಡಿದ ಮೇಲೆ ತಿಳಿಯಿತು, ಹಿಡಿಯುವುದರಲ್ಲಿ ಮಾವ ಉಳಿದವರ ಹಾಗೆಯೇ. ಹಿಡಿದ ಮೇಲೆ ಮಾಡುವುದರಲ್ಲಿ ಅವರಂಥವರು ಆ ದಂಡೆಯಲ್ಲಿ ಇನ್ನೊಬ್ಬರಿರಲಿಲ್ಲ. ಅಂದು ಅಲ್ಲಿ ಹನ್ನೊಂದು ಮಂದಿ ಗಾಳ ಹಾಕಿ ಕುಳಿತಿದ್ದರು. ಒಂಬತ್ತು ಮಂದಿಯ ಪಕ್ಕದಲ್ಲಿ ನೀರು ತುಂಬಿದ ಬಕೆಟು. ಸಿಕ್ಕಿದ ಮೀನನ್ನು ಜೀವಸಹಿತ ಮನೆಗೆ ಒಯ್ಯುವುದು ನಮ್ಮ ಕಡೆ ದೊಡ್ಡ ಹೆಮ್ಮೆ. ಬಕೆಟಿನಲ್ಲಿ ಮೀನು ಪಟಪಟನೆ ಬಡಿದುಕೊಂಡಷ್ಟೂ ಅದರ ಯಜಮಾನನ ಎದೆ ಉಬ್ಬುತ್ತದೆ.

ಏಳು ಗಂಟೆ ನಲವತ್ತಕ್ಕೆ ಮಾವನಿಗೆ ಮೊದಲ ಕೆಂಬೇರಿ ಸಿಕ್ಕಿತು. ಕೆಂಪು ಮೈ, ಹಿಡಿಯಲು ಎರಡೂ ಕೈ ಬೇಕು. ಒದ್ದೆ ಬಟ್ಟೆಯಲ್ಲಿ ಅದರ ಕಣ್ಣು ಮುಚ್ಚಿ ಹಿಡಿದು, ಮರದ ತುಂಡಿನಿಂದ ತಲೆಯ ಮೇಲೆ ಒಂದೇ ಏಟು ಹೊಡೆದರು. ಎರಡನೆಯದು ಬೇಕಾಗಲಿಲ್ಲ. ಕಿವಿರಿನ ಒಳಗೆ ಕತ್ತಿಯ ತುದಿ ಹಾಕಿ ಕೊಯ್ದು, ಬಾಯಿಗೆ ಹುರಿ ಕಟ್ಟಿ ನೀರಿಗೆ ಇಳಿಸಿದರು. ರಕ್ತ ಎಳೆಎಳೆಯಾಗಿ ಹರಿದು ಹೋಗುವವರೆಗೆ ಕಾದು, ಮೇಲೆತ್ತಿ, ಹೊಟ್ಟೆ ಬಗೆದು ಒಳಗಿನದನ್ನೆಲ್ಲ ತೆಗೆದರು. ಬೆನ್ನುಮೂಳೆಗೆ ಅಂಟಿಕೊಂಡಿದ್ದ ಕಪ್ಪು ರಕ್ತದ ಗೆರೆಯನ್ನು ಹಳೆಯ ಚಮಚದಿಂದ ಕೆರೆದರು. ಆಮೇಲೆ ಐಸಿನ ಪೆಟ್ಟಿಗೆಯಲ್ಲಿ ಹುಡಿ ಐಸಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಮೇಲಿನಿಂದಲೂ ಐಸು ಮುಚ್ಚಿದರು. ಪೆಟ್ಟಿಗೆಯ ಅಡಿಯ ತೂತು ತೆರೆದೇ ಇತ್ತು. ಕರಗಿದ ನೀರು ಹೊರಗೆ ಹೋಗುತ್ತಿತ್ತು. ಮೀನಿಗೆ ಐಸು ಬೇಕು, ಐಸಿನ ನೀರು ಬೇಡ ಎಂದು ವಿವರಿಸಿದರು. ಗಾಳದಿಂದ ಪೆಟ್ಟಿಗೆಗೆ ಒಂಬತ್ತು ನಿಮಿಷ. ನಾನು ಕೈಗಡಿಯಾರ ನೋಡಿ ಬರೆದುಕೊಂಡೆ.

ಪಕ್ಕದ ಬಕೆಟಿನವರು ನಗುತ್ತಿದ್ದರು. ಜೀವ ಇರುವ ಮೀನನ್ನು ಕೊಂದು ಐಸು ಹಾಕುವುದು ಯಾವ ಊರಿನ ಬುದ್ಧಿ ಎಂದು ಒಬ್ಬರು ಕೇಳಿದರು. ಮಾವ ನನ್ನ ಕಡೆ ತಿರುಗಿ ಹೇಳಿದರು.

"ಬಕೆಟಿನಲ್ಲಿ ಅದು ಬಡಿದುಕೊಂಡು ಬಡಿದುಕೊಂಡು ಸಾಯ್ತದೆ. ಸುಸ್ತಾಗಿ ಸತ್ತ ಮೀನಿನಲ್ಲಿ ರುಚಿ ಎಲ್ಲಿ ಉಂಟು?"

ಅಂದು ಸಿಕ್ಕಿದ್ದು ಮೂರು. ಮೂರನ್ನೂ ಸ್ವಚ್ಛ ಮಾಡುವಾಗ ಅವರ ಕೈ ಒಂದೇ ವೇಗದಲ್ಲಿ, ಒಂದೇ ಕ್ರಮದಲ್ಲಿ ಓಡಿತು. ಎರಡನೆಯದಕ್ಕೆ ಒಂಬತ್ತು ನಿಮಿಷ, ಮೂರನೆಯದಕ್ಕೆ ಎಂಟೂವರೆ. ಲ್ಯಾಬಿನಲ್ಲಿ ಹತ್ತು ವರ್ಷ ಅನುಭವವಿರುವವರ ಕೈಯೂ ಅಷ್ಟು ಸ್ಥಿರವಾಗಿರುವುದನ್ನು ನಾನು ಕಂಡಿಲ್ಲ.

ಹೊರಡುವ ಮುಂಚೆ ಮಾವ, ಇದನ್ನು ಈವತ್ತೇ ಮುಟ್ಟಬೇಡಿ, ನಾಳೆಯ ತನಕ ಐಸಿನಲ್ಲೇ ಇರಲಿ ಎಂದಿದ್ದರು. ನಾನು ದೇರೆಬೈಲಿನ ಮನೆಗೆ ಬಂದು ಹೇಳಿದೆ. ಅಮ್ಮ ಕೇಳಲಿಲ್ಲ. ಬೆಳಿಗ್ಗೆ ಹಿಡಿದ ಮೀನು ಮಧ್ಯಾಹ್ನದ ಊಟಕ್ಕೆ ಆಗಬೇಕು, ಅವರಿಗೆ ಗೊತ್ತಿರುವುದು ಅದೊಂದೇ. ಮನೆಬಾಗಿಲಿಗೆ ಬರುವ ಮೀನಿನವಳ ಬುಟ್ಟಿಯಲ್ಲಿ ನಿನ್ನೆಯದು ಕಂಡರೆ ತಿರುಗಿಸಿ ಕಳುಹಿಸುವವರು ಅವರು. ಮೆಟ್ಟುಕತ್ತಿಯ ಮೇಲೆ ಕುಳಿತು ಮೂರನ್ನೂ ತುಂಡು ಮಾಡಿ, ಪದ್ಧತಿಯ ಪ್ರಕಾರ ತೊಳೆದರು. ನಮ್ಮಲ್ಲಿ ಮೀನು ತೊಳೆಯುವುದು ಸಣ್ಣ ಕೆಲಸವಲ್ಲ. ಕಲ್ಲುಪ್ಪು, ಅರಿಶಿನ, ಹುಣಸೆಹುಳಿ ಹಾಕಿ ತಿಕ್ಕಿ, ಅರ್ಧ ಗಂಟೆ ಹಾಗೇ ಬಿಟ್ಟು, ಆಮೇಲೆ ನಾಲ್ಕು ನೀರಿನಲ್ಲಿ ತೊಳೆಯಬೇಕು. ನಾಲ್ಕನೆಯ ನೀರು ಕುಡಿಯುವ ನೀರಿನ ಹಾಗೆ ಕಾಣಬೇಕು.

ಹನ್ನೆರಡೂಕಾಲಿಗೆ ತುಂಡುಗಳು ಕಾವಲಿಗೆ ಬಿದ್ದವು. ಬಿದ್ದ ಕೂಡಲೇ ಬಿಲ್ಲಿನ ಹಾಗೆ ಬಾಗಿದವು. ಚರ್ಮ ಕಾವಲಿಗೇ ಅಂಟಿತು. ಅಪ್ಪ ಎರಡು ತುತ್ತು ಜಗಿದು, ರಬ್ಬರು ಎಂದು ಒಂದು ಶಬ್ದ ಹೇಳಿ ಎದ್ದರು. ಸೋಮವಾರ ಬೆಳಿಗ್ಗೆ ಬಿಪಿ ಮತ್ತೆ ಏರಿತ್ತು. ಮೀನು ಮಾಡಿದ ಎಂಟು ದಿನಗಳಲ್ಲಿ ಆರು ಎಂದು ತಿದ್ದಿ ಬರೆದೆ. ಆ ವಾರ ಅಮ್ಮ ಮೀನಿನವಳಿಗೆ, ಇನ್ನು ನಮ್ಮ ಬಾಗಿಲಿಗೆ ಬರಬೇಡ ಎಂದು ಹೇಳಿಬಿಟ್ಟರು.

ನವೆಂಬರ್ ಒಂಬತ್ತು, ಭಾನುವಾರ. ಅಪ್ಪ ಐವತ್ತಮೂರು ಕಿಲೋ ಒಂಬೈನೂರು ಗ್ರಾಂ. ಹನ್ನೊಂದು ಗಂಟೆಗೆ ಮಾವ ಎರಡು ಕೆಂಬೇರಿಯ ಜೊತೆ ಬಂದರು. ಅಪ್ಪ ಒಳಗೆ ಮಲಗಿದ್ದರು. ಅಡುಗೆಮನೆಯಲ್ಲಿ ನಾವು ಮೂವರೇ. ಅಮ್ಮ ಪೆಟ್ಟಿಗೆಯನ್ನು ನೋಡಿ, ಇದನ್ನು ನಿನ್ನ ಮನೆಗೇ ತೆಗೆದುಕೊಂಡು ಹೋಗು ಎಂದರು. ಮೀನು ಎಂತ ಮಾಡಿತು ಎಂದು ಮಾವ ಕೇಳಿದಾಗ ನಾನು ಪುಸ್ತಕ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಪುಟಗಳನ್ನು ಒಂದೊಂದಾಗಿ ನಿಧಾನವಾಗಿ ತಿರುಗಿಸಿದರು. ಮನೆಯಲ್ಲಿ ನಮ್ಮ ಮಾತು ತುಳು. ಅವತ್ತಿನ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಟೀಚರೇ," ಎಂದರು. ನನ್ನನ್ನು ಗೇಲಿ ಮಾಡುವಾಗ ಅವರು ಕರೆಯುವುದು ಹಾಗೆ. "ತೊಳೆಯುವ ಉಪ್ಪು ಯಾವ ಕಾಲಮಿನಲ್ಲಿ ಉಂಟು?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಮ್ಮನೇ ಉತ್ತರ ಕೊಟ್ಟರು.

"ಅದೆಂತ ಲೆಕ್ಕ ಮಾರಾಯ, ತೊಳೆದದ್ದಲ್ವಾ? ನೀರಿಗೆ ಹೋಗ್ತದೆ."

"ಅರ್ಧ ಗಂಟೆ ಇಟ್ಟರೆ ಮೀನಿಗೆ ಹೋಗ್ತದೆ, ಅಕ್ಕ. ನಾವು ಒಣಮೀನು ಮಾಡುವುದು ಹೇಗೆ ಮತ್ತೆ?"

ಅಮ್ಮನ ಕೈಯಿಂದ, ಯಾವತ್ತಿನ ಹಾಗೆ ಎಂದು ಹೇಳಿ, ಎರಡು ಹಿಡಿ ಕಲ್ಲುಪ್ಪು ತಕ್ಕಡಿಯ ಮೇಲೆ ಹಾಕಿಸಿದೆ. ಅರುವತ್ತನಾಲ್ಕು ಗ್ರಾಂ. ಅದರಲ್ಲಿ ಎಷ್ಟು ನೀರಿಗೆ, ಎಷ್ಟು ಮೀನಿಗೆ ಹೋಗುತ್ತಿತ್ತೋ ನನಗೆ ತಿಳಿಯದು. ಆದರೆ ಆರು ವಾರ ನಾನು ಚಮಚದ ತುದಿಯನ್ನು ಬೆರಳಿನಿಂದ ಸವರಿ ಮಟ್ಟ ಮಾಡಿ ಅಳೆದ ಅರ್ಧ ಚಮಚದ ಪಕ್ಕದಲ್ಲೇ ಈ ಎರಡು ಹಿಡಿ ಇತ್ತು. ಮೀನು ತೊಳೆಯುವಾಗಲೆಲ್ಲ ಅದೇ ಅಡುಗೆಮನೆಯಲ್ಲಿ ನಿಂತು ನೋಡಿದ್ದೆ. ಅಡುಗೆಗೆ ಹಾಕಿದ್ದು ಮಾತ್ರ ಉಪ್ಪು, ತೊಳೆಯಲು ಹಾಕಿದ್ದು ಸೋಪಿನ ಹಾಗೆ ಎಂದು ಅಮ್ಮ ಮಾತ್ರವಲ್ಲ, ನಾನೂ ತಿಳಿದಿದ್ದೆ.

ಅಮ್ಮ ತಕ್ಕಡಿಯ ಅಂಕೆಯನ್ನು ಬಗ್ಗಿ ನೋಡಿದರು. ಅಪ್ಪನಿಗೆ ಇಲ್ಲದ್ದು ತನಗೂ ಬೇಡ ಎಂದು ಸೆಪ್ಟೆಂಬರಿನಿಂದ ತಮ್ಮ ಗಂಜಿಗೂ ಉಪ್ಪು ಹಾಕಿಕೊಳ್ಳದವರು ಅವರು. ಕೊನೆಗೆ ತಕ್ಕಡಿಯ ಉಪ್ಪನ್ನು ಭರಣಿಗೆ ವಾಪಸು ಸುರಿದು, ಹಾಗಾದರೆ ಹೇಗೆ ತೊಳೆಯಬೇಕು ಹೇಳು ಎಂದರು. ಐವತ್ತಾರನೆಯ ವಯಸ್ಸಿನಲ್ಲಿ, ಮೂವತ್ತು ವರ್ಷ ಮೀನು ಬೇಯಿಸಿದ ಮೇಲೆ, ತಮ್ಮನ ಹತ್ತಿರ ಮೀನು ತೊಳೆಯುವುದು ಹೇಗೆಂದು ಕೇಳುವುದು ಸುಲಭವಲ್ಲ. ಅಂದಿನ ಪುಟದಲ್ಲಿ ನಾನು ಅದನ್ನೂ ಬರೆದಿಟ್ಟಿದ್ದೇನೆ.

ರಕ್ತವನ್ನು ದಂಡೆಯಲ್ಲೇ ತೆಗೆದರೆ ವಾಸನೆಯೇ ಇರುವುದಿಲ್ಲ, ಹಾಗಾಗಿ ಉಪ್ಪೂ ಬೇಡ, ನಾಲ್ಕು ನೀರೂ ಬೇಡ ಎಂದು ಮಾವ ಹೇಳಿದರು. ಒಂದೇ ತಣ್ಣೀರು, ಕೂಡಲೇ ಬಟ್ಟೆಯಲ್ಲಿ ಒರೆಸುವುದು. ಈಗಷ್ಟೇ ಸತ್ತ ಮೀನು ಮರದ ಹಾಗೆ ಬಿಗಿದಿರುತ್ತದೆ, ಬಿಸಿ ತಾಗಿದರೆ ಬಾಗುತ್ತದೆ. ಆ ಬಿಗಿ ಬಿಡಲು ಒಂದು ರಾತ್ರಿ ಬೇಕು. ಅಮ್ಮನಿಗೆ ಅದೊಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ನಿನ್ನೆಯ ಮೀನು ಬಡಿಸಿದೆ ಅಂತ ಗೊತ್ತಾದರೆ ನನ್ನ ಅತ್ತೆ ಗೋಡೆಯ ಫೋಟೋದಿಂದ ಇಳಿದು ಬರ್ತಾರೆ."

ಬಂದರೆ ಅವರಿಗೂ ಒಂದು ತುಂಡು ಬಡಿಸು ಎಂದು, ಐಸಿನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮಾವ ಹೊರಟರು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ನಾನು ಲ್ಯಾಬಿನಿಂದ ಊಟಕ್ಕೆ ಬಂದೆ. ಅಮ್ಮ ಮೀನನ್ನು ಒರೆಸಿ, ಚರ್ಮಕ್ಕೆ ಗೀರು ಹಾಕಿ, ಜಜ್ಜಿದ ಕಾಳುಮೆಣಸು ಬೆಳ್ಳುಳ್ಳಿ ಸವರಿ ಇಟ್ಟಿದ್ದರು. ಮಾವ ಹೇಳದ ಒಂದನ್ನೂ ಸೇರಿಸಿದ್ದರು, ಹಿತ್ತಲಿನ ಮರದ ಎರಡು ಬಿಂಬುಳಿ ಕಾಯಿ ಅರೆದದ್ದು. ಉಪ್ಪಿಲ್ಲದ ಕಡೆ ಹುಳಿ ಮಾತಾಡಬೇಕು ಎಂಬುದು ಅವರ ಲೆಕ್ಕ. ತೆಂಗಿನೆಣ್ಣೆ ಚೆನ್ನಾಗಿ ಕಾದ ಮೇಲೆ ಚರ್ಮದ ಬದಿ ಕೆಳಗೆ ಮಾಡಿ ಇಟ್ಟು, ಮೊದಲ ಅರ್ಧ ನಿಮಿಷ ಸಟ್ಟುಗದಿಂದ ಒತ್ತಿ ಹಿಡಿದರು. ತುಂಡು ಬಾಗಲಿಲ್ಲ. ಐದು ನಿಮಿಷ ಅದನ್ನು ಮುಟ್ಟಲೇ ಇಲ್ಲ. ಒಮ್ಮೆ ಮಗುಚಿ, ಎರಡು ನಿಮಿಷದಲ್ಲಿ ಇಳಿಸಿ, ಬಾಳೆಲೆಯ ಮೇಲೆ ನಾಲ್ಕು ನಿಮಿಷ ಬಿಟ್ಟರು. ಉಪ್ಪು ಎಲ್ಲಕ್ಕಿಂತ ಕೊನೆಗೆ, ಚಿಟಿಕೆಯಷ್ಟು, ಗರಿಗರಿ ಚರ್ಮದ ಮೇಲೆ. ನಾಲಿಗೆಗೆ ಮೊದಲು ತಾಗುವ ಕಡೆ ಉಪ್ಪಿದ್ದರೆ ಸ್ವಲ್ಪವೇ ಸಾಕು ಎಂದು ಮಾವ ಕಲಿಸಿದ್ದು.

ಅಪ್ಪ ಕುಳಿತರು. ಬೆರಳು ತಾಗಿಸಿದಾಗ ಮೀನು ಎಸಳುಎಸಳಾಗಿ ಬಿಡಿಸಿಕೊಂಡಿತು. ಒಂದು ತುತ್ತು, ಎರಡು, ಮೂರು. ನಾನು ಎಣಿಸುತ್ತಿದ್ದೆ, ಒಂಬತ್ತರ ನಂತರ ಬಿಟ್ಟುಬಿಟ್ಟೆ. ಮೂಳೆಯನ್ನು ಎಲೆಯ ಬದಿಗೆ ಸಾಲಾಗಿ ಇಡುತ್ತಾ ಅಪ್ಪ ಕೇಳಿದರು. ಮಾವನನ್ನು ಅವರು ಕರೆಯುವುದು ಬಾವ ಎಂದು.

"ಬಾವ ಬೆಳಿಗ್ಗೆ ಹಿಡಿದದ್ದಾ?"

"ಹೌದು," ಎಂದರು ಅಮ್ಮ, ನನ್ನ ಕಡೆ ನೋಡದೆ.

"ಈವತ್ತು ಸೋಮವಾರ. ಬಾವ ಪ್ಲಾಂಟಿನಲ್ಲಿ ಇರ್ತಾರೆ." ಅಪ್ಪ ಎಲೆ ಮುಂದೆ ಸರಿಸಿದರು. "ಇನ್ನೊಂದು ತುಂಡು ಉಂಟಾ?"

ಅಮ್ಮ ಬಡಿಸಿದರು. ಆಮೇಲೆ ಒಳಗೆ ಹೋಗಿ ನಲ್ಲಿ ಬಿಟ್ಟು ತುಂಬಾ ಹೊತ್ತು ಕೈ ತೊಳೆದರು.

ಮರುದಿನದ ಬಿಪಿ ಹಿಂದಿನ ದಿನದ ಹಾಗೇ ಇತ್ತು. ಪುಸ್ತಕಕ್ಕೆ ಐದನೆಯ ಕಾಲಮು ಗೀಚಿದೆ: ತೊಳೆಯುವ ಉಪ್ಪು. ಅಂದಿನಿಂದ ಅದರಲ್ಲಿ ಬರೀ ಸೊನ್ನೆ. ಮುಂದಿನ ಎರಡು ಭಾನುವಾರಗಳಲ್ಲಿ ಮಾವ ಐದು ಮೀನು ತಂದರು. ಬೇಯಿಸಿದ್ದು ಸೋಮವಾರ, ಮಂಗಳವಾರ. ಬಿಪಿ ಒಂದು ದಿನ ಮಾತ್ರ ಏರಿತ್ತು. ಅಂದು ಅಪ್ಪ ಪಕ್ಕದ ಮನೆಯಲ್ಲಿ ಚಕ್ಕುಲಿ ತಿಂದದ್ದು ಸಂಜೆಗೆ ಗೊತ್ತಾಯಿತು. ನವೆಂಬರ್ ಮೂವತ್ತಕ್ಕೆ ತೂಕ ಐವತ್ತೈದು ಕಿಲೋ ನೂರು ಗ್ರಾಂ. ಮರುದಿನ ಡಾಕ್ಟರು ಪುಸ್ತಕವನ್ನು ಮೊದಲಿನಿಂದ ಓದಿ, ಐದನೆಯ ಕಾಲಮಿನ ಮೇಲೆ ಬೆರಳಿಟ್ಟು ಕತೆ ಕೇಳಿದರು. ಆಸ್ಪತ್ರೆಗೆ ಸೇರಿಸುವ ಮಾತು ಎತ್ತಲಿಲ್ಲ.

ಆದರೆ ವಾರಕ್ಕೆ ಏಳು ದಿನ, ಮಾವನ ಮೀನು ಬರುವುದು ಎರಡು ದಿನಕ್ಕೆ. ಬುಧವಾರದಿಂದ ಅಪ್ಪ ಮತ್ತೆ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾರೆ. ಅಮ್ಮ ಮೀನಿನವಳನ್ನು ಪುನಃ ಕರೆಸಿದ್ದಾರೆ. ಅವಳ ಬುಟ್ಟಿಯ ಬಂಗುಡೆ, ಬೂತಾಯಿಯಂಥ ಸಣ್ಣ ಮೀನುಗಳು ಬಲೆಯಲ್ಲೇ ಸತ್ತವು, ಅವುಗಳ ರಕ್ತ ಒಳಗೇ ಉಳಿದಿರುತ್ತದೆ. ಉಪ್ಪಿಲ್ಲದೆ ಒಂದು ನೀರಿನಲ್ಲಿ ತೊಳೆದರೆ ವಾಸನೆ ಹೋಗುವುದಿಲ್ಲ. ಹುಳಿ ನೀರು, ಮಜ್ಜಿಗೆ, ಅಕ್ಕಿ ತೊಳೆದ ನೀರು ಮೂರನ್ನೂ ಎರಡೆರಡು ಸಲ ನೋಡಿದ್ದೇವೆ. ಮಜ್ಜಿಗೆಯ ದಿನ ಅಪ್ಪ ಆರು ತುತ್ತು ತಿಂದರು, ಉಳಿದ ದಿನ ಮೂರಕ್ಕಿಂತ ಹೆಚ್ಚಿಲ್ಲ. ಮಾವನಿಗೂ ಇದಕ್ಕೆ ದಾರಿ ಗೊತ್ತಿಲ್ಲವಂತೆ. ಹೋಟೆಲಿನಲ್ಲಿ ಬೂತಾಯಿ ಮುಟ್ಟಿದವರೇ ಇರಲಿಲ್ಲ ಎನ್ನುತ್ತಾರೆ. ಬಲೆಯ ಸಣ್ಣ ಮೀನನ್ನು ಉಪ್ಪು ತಾಗಿಸದೆ ತೊಳೆದು ರುಚಿ ಉಳಿಸುವ ಕ್ರಮ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಬರೆದು ತಿಳಿಸಿ. ಯಾವ ಮೀನು, ಎಷ್ಟು ನೀರು, ಎಷ್ಟು ನಿಮಿಷ ಎಂಬುದನ್ನೂ ಸೇರಿಸಿ ಬರೆದರೆ, ಮರುದಿನವೇ ಹಾಗೆಯೇ ಮಾಡಿ ನೋಡುತ್ತೇವೆ.