ಒತ್ತಿ ನೋಡಿ ಕೊಂಡ ಸೀಟು

ನಮ್ಮ ಮನೆಯಲ್ಲಿ ಹೆಬ್ಬೆರಳಿಗೆ ಇಷ್ಟೊಂದು ಅಧಿಕಾರವನ್ನು ಯಾರು ಕೊಟ್ಟರೋ ನಾನರಿಯೆ. ಭಾನುವಾರ ಕೊಲ್ಕತ್ತದ ಲೇಕ್ ಮಾರ್ಕೆಟ್ಟಿಗೆ ಹೋದರೆ ನಮ್ಮ ಯಜಮಾನರು ಟೊಮೇಟೊ, ಬದನೆ, ಕೊನೆಗೆ ಪೊಟ್ಟಣದೊಳಗಿನ ಹುಣಸೆಹಣ್ಣನ್ನೂ ಬಿಡದೆ ಒತ್ತಿ ನೋಡುತ್ತಾರೆ. ಒತ್ತಿ ನೋಡದ ವಸ್ತು ಅವರ ಪಾಲಿಗೆ ಅಪರೀಕ್ಷಿತ, ಆದ್ದರಿಂದ ಅಗ್ರಾಹ್ಯ. ಮದುವೆಯಾದ ಮೇಲೆ ನನಗೂ ಈ ಹೆಬ್ಬೆರಳಿನ ದೀಕ್ಷೆಯಾಯಿತು. ನಗಬೇಡಿ, ಈ ದೀಕ್ಷೆಯಿಂದ ನಾವು ಕಳೆದುಕೊಂಡದ್ದು ಸಣ್ಣದಲ್ಲ.

ನಾವಿರುವ ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ ಅದು. ಕಾಲುವೆಯಾಚೆಯ ನ್ಯೂ ಟೌನಿನಲ್ಲಿ ಮನೆಗಳಿಗಿಂತ ಮೊದಲೇ ರಸ್ತೆಗಳು ಬಂದು, ಓಡಾಡುವವರಿಲ್ಲದೆ ಅಗಲವಾಗಿ ಮಲಗಿದ್ದವು. ಇವರು ರೈಲ್ವೆ ಕಚೇರಿಯಲ್ಲಿ, ನಾನು ಕೇಂದ್ರ ಸರ್ಕಾರದ ಇನ್ನೊಂದು ಕಚೇರಿಯಲ್ಲಿ. ಇಬ್ಬರೂ ಕುರ್ಚಿಯಲ್ಲಿ ಕೂತೇ ವಯಸ್ಸು ಕಳೆದವರು. ನಮ್ಮ ಮೇಲಿನ ಮನೆಯ ಸಾಫ್ಟ್‌ವೇರ್ ದಂಪತಿ ಗೇರಿನ ಸೈಕಲ್ಲೇರಿ ಹೊರಡುವುದನ್ನು ಕಂಡು ನಮಗೂ ಉಮೇದು ಬಂತು. ಫ್ಲೈಓವರ್ ಬಿಟ್ಟರೆ ಏರೆಂಬುದೇ ಇಲ್ಲದ ಕೊಲ್ಕತ್ತದಲ್ಲಿ ಪರ್ವತಾರೋಹಣದ ಮೌಂಟನ್ ಬೈಕ್ ಏತಕ್ಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಬೆಳಗಿನ ಹೊತ್ತು ಇಬ್ಬರೂ ಜೊತೆಗೆ ಹೋಗುವುದು, ನನಗೆ ಬೇಕಾಗಿದ್ದದ್ದು ಅಷ್ಟೇ.

ಸೈಕಲ್ ಅಂಗಡಿಯವನು ಸೀಟುಗಳನ್ನು ಸಾಲಾಗಿಟ್ಟು, ಒತ್ತಿ ನೋಡಿ ಬೌದಿ, ಅಂದರೆ ಅತ್ತಿಗೆ, ಎಂದು ಬಂಗಾಳಿಯಲ್ಲಿ ಅಂದುಬಿಟ್ಟ. ಒತ್ತಿ ನೋಡಿ ಎಂದರೆ ಕೇಳಬೇಕೆ! ನಾಲ್ಕು ಹೆಬ್ಬೆರಳುಗಳು ಏಕಕಾಲದಲ್ಲಿ ಕಾರ್ಯಪ್ರವೃತ್ತವಾದವು. ಕೂರಬೇಕಾದ ಅಂಗದಿಂದ ಕೂತು ನೋಡುವ ಯೋಚನೆ ಬರಲಿಲ್ಲ. ಬಂದಿದ್ದರೂ ಬೀದಿಯಲ್ಲಿ ಅಷ್ಟು ಜನರೆದುರು ಪೃಷ್ಠಪರೀಕ್ಷೆ ನಡೆಸುವ ಧೈರ್ಯ ಯಾರಿಗಿತ್ತು? ಹೆಂಗಸರ ವಾಚು ಚಿಕ್ಕದು, ಛತ್ರಿ ಚಿಕ್ಕದು, ಆದ್ದರಿಂದ ಸೀಟೂ ಚಿಕ್ಕದಿರಬೇಕೆಂದು ತರ್ಕಶುದ್ಧವಾಗಿ ತೀರ್ಮಾನಿಸಿ, ಬೆಣ್ಣೆಯಂಥ ಕಿರಿದಾದ ಸೀಟು ನನಗೂ ಬೆಣ್ಣೆಯಂಥ ಅಗಲದ ಸೀಟು ಒಣಕಲು ಶರೀರದ ಅವರಿಗೂ ಹಾಕಿಸಿದೆವು.

ಮೊದಲ ದಿನವೇ ನನಗೆ ನಕ್ಷತ್ರಗಳು ಕಂಡವು. ಮೆತ್ತೆ ಹೂತುಹೋಗಿ, ಕೂರುವ ಮೂಳೆಗಳಿಗೆ ಆಧಾರವೇ ಇಲ್ಲದೆ, ಭಾರವೆಲ್ಲ ಬೀಳಬಾರದ ಕಡೆ ಬೀಳುತ್ತಿತ್ತು. ಆದರೆ ಮುಂದೆ ಹೋಗುತ್ತಿದ್ದ ಇವರು ಆಗಾಗ ಪೆಡಲ್ ಮೇಲೆ ಎದ್ದು ನಿಂತು ಹುಡುಗನ ಹಾಗೆ ತುಳಿಯುತ್ತಿದ್ದರು. ಆ ಹುಮ್ಮಸ್ಸಿಗೆ ತಣ್ಣೀರೆರಚಲು ಮನಸ್ಸಾಗದೆ, ಕೆರೆಯಂಚಿನಲ್ಲಿ ಕಾಶ ಹುಲ್ಲು ಬೆಳ್ಳಗೆ ಹೂ ಬಿಟ್ಟದ್ದನ್ನು ನೋಡುವ ನೆಪದಲ್ಲಿ ನಾನು ಪದೇ ಪದೇ ಇಳಿಯುತ್ತಿದ್ದೆ. “ನೋಯ್ತಿದ್ಯೇನೇ?” ಅಂದರೆ, “ಇಲ್ಲಾರೀ, ಹೂವು ಎಷ್ಟು ಚೆನ್ನಾಗಿದೆ ನೋಡಿ” ಅನ್ನುತ್ತಿದ್ದೆ. “ನಿಮಗೆ?” ಅಂದರೆ, “ನಂಗೇನೇ, ಕಲ್ಲುಗುಂಡು!” ಅನ್ನುತ್ತಿದ್ದರು. ಚಳಿಗಾಲ ಮುಗಿಯುವುದರೊಳಗೆ ನನಗೆ ಕಚೇರಿಗೆ ತಡವಾಗತೊಡಗಿತು, ಅವರಿಗೆ ಮಂಜಿನಿಂದ ಶೀತವಾಗತೊಡಗಿತು. ಸೈಕಲ್ಲುಗಳು ಮೆಟ್ಟಿಲ ಕೆಳಗೆ ಒಂದೇ ಸರಪಳಿಯಲ್ಲಿ ಬಂಧಿತವಾದವು.

ವರ್ಷಗಳು ಕಳೆದವು. ಈ ಸಲ ದುರ್ಗಾ ಪೂಜೋ ಹತ್ತಿರ ಬಂತೆಂದು ಕಟ್ಟಡದವರೆಲ್ಲ ಸೇರಿ ಮೆಟ್ಟಿಲ ಕೆಳಗೆ ಗುಡಿಸಲು ನಿಂತಾಗ, ನಮ್ಮ ಸೈಕಲ್ಲುಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಅಂಗಳಕ್ಕೆ ತಂದು, ಗಾಳಿ ತುಂಬಿ ಒರೆಸಿದೆ. ಸೊಂಟ ಹಿಡಿದಂತಾಗಿ ಹತ್ತಿರವಿದ್ದ ಅವರ ಸೈಕಲ್ಲಿನ ಮೇಲೆ ಸುಮ್ಮನೆ ಕೂತೆ. ಅಯ್ಯೋ, ದೇವರೇ! ನನ್ನ ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಅಂಗಳದಲ್ಲಿ ಒಂದು ಸುತ್ತು ಹೊಡೆದೆ, ಇನ್ನೊಂದು ಹೊಡೆದೆ. ಮಂಡಿಗೆ ಪಟ್ಟಿ ಬಿಗಿದುಕೊಂಡು ಕೋಲೂರುತ್ತ ಬಂದ ಇವರನ್ನು ನನ್ನ ಸೈಕಲ್ಲಿನ ಮೇಲೆ ಕೂರಿಸಿ, ಬೀಳದಂತೆ ಹಿಡಿದುಕೊಂಡೆ.

“ಲೇ, ಇದು ಆರಾಮಾಗಿದೆ ಕಣೇ,” ಅಂದರು. ಆಮೇಲೆ ಮೆಲ್ಲಗೆ, “ನಂದು ಅಗಲ ಜಾಸ್ತಿ, ತೊಡೆಯೆಲ್ಲ ತರಚಿ ಹೋಗ್ತಿತ್ತು. ಅದಕ್ಕೇ ಎದ್ದು ನಿಂತ್ಕೋತಿದ್ದೆ. ನಿಂಗೆ ಹೂವಿನ ಖುಷಿ, ಹಾಳು ಮಾಡೋದ್ಯಾಕೆ ಅಂತ...”

ನಾನು ನಗಲು ಹೋಗಿ ಅತ್ತುಬಿಟ್ಟೆ. ಒಂದು ಸ್ಪ್ಯಾನರು ತಿರುಗಿಸಿ ಅದನ್ನಿದಕ್ಕೆ ಇದನ್ನದಕ್ಕೆ ಹಾಕಿಕೊಂಡಿದ್ದರೆ ಆಗುತ್ತಿತ್ತು. ಈಗ ಇವರ ಮಂಡಿಗೆ ಪೆಡಲು ನಿಷಿದ್ಧ. ಖಾಲಿ ರಸ್ತೆಗಳಲ್ಲಿ ಬಸ್ಸುಗಳು ತುಂಬಿವೆ, ಕಾಶ ಹುಲ್ಲಿದ್ದ ಕಡೆ ಗೋಪುರದಂಥ ಮನೆಗಳೆದ್ದಿವೆ. ಆ ಬೆಳಗುಗಳು ನಮಗೆ ಇನ್ನು ಸಿಗುವುದಿಲ್ಲ. ಒಬ್ಬರ ಸುಖವನ್ನು ಇನ್ನೊಬ್ಬರು ಕಾಯುತ್ತ ಕೂತು, ಇಬ್ಬರೂ ಅದನ್ನು ಕಳೆದುಕೊಂಡ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮೊನ್ನೆ ಭಾನುವಾರ ಲೇಕ್ ಮಾರ್ಕೆಟ್ಟಿನಲ್ಲಿ ಇವರು ಎಂದಿನಂತೆ ಟೊಮೇಟೊ ಒತ್ತುತ್ತಿದ್ದರು. ಮುಖ ಯಾಕೋ ಸಪ್ಪಗಿತ್ತು. ಅಭ್ಯಾಸಬಲದಿಂದ ಕೇಳಿದೆ:

“ನೋಯ್ತಿದ್ಯೇನ್ರೀ?”

ಹೆಬ್ಬೆರಳು ಟೊಮೇಟೊ ಮೇಲೆ ನಿಂತಿತು. ಕಲ್ಲುಗುಂಡು ಅನ್ನುತ್ತಾರೆಂದು ಕಾದೆ.

“ಹೂಂ ಕಣೇ,” ಅಂದರು, “ತುಂಬಾ.”

ಟೊಮೇಟೊಗಳನ್ನು ಅಲ್ಲೇ ಬಿಟ್ಟು, ಪಕ್ಕದ ಅಂಗಡಿಯ ಜಗಲಿಯಲ್ಲಿ ಇಬ್ಬರೂ ಕೂತೆವು. ಕಲ್ಲಿನ ಜಗಲಿ, ಗಟ್ಟಿಯಾಗಿತ್ತು. ನನಗೂ ಒತ್ತುತ್ತಿದೆ ಎಂದು ಹೇಳಿದೆ.